‘ನಿಮ್ಮನ್ನು ಆರಿಸಿಲ್ಲ’ ಎಂದು ತಿಳಿಸುವುದು ಹೇಗೆ?

ಪ್ರಶ್ನೆ: ಪೀಣ್ಯದ ಬಿಡಿಭಾಗ ಕಾರ್ಖಾನೆಯೊಂದರಲ್ಲಿ ಎಚ್‌ಆರ್ ಆಗಿದ್ದೇನೆ. ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆಗೆ 60 ಅರ್ಜಿ ಬಂದಿದ್ದವು, 14 ಜನರ ಸಂದರ್ಶನ ಮುಗಿದಿದೆ, ಒಬ್ಬರಿಗೆ ಆಫರ್ ಹೋಗಿದೆ. ಉಳಿದವರು ಫೋನ್ ಮಾಡುತ್ತಲೇ ಇದ್ದಾರೆ. ಹೇಗೆ ತಿಳಿಸಲಿ? ಕಾರಣ ಹೇಳಬೇಕೆ?
– ಹೆಸರು ಬೇಡ, ಬೆಂಗಳೂರು

ಉತ್ತರ: ಸಂದರ್ಶನ ಮುಗಿದು ಅವರು ಏಳುವಾಗಲೇ ‘ಮುಂದಿನ ಶುಕ್ರವಾರದೊಳಗೆ, ಆಯಿತೋ ಇಲ್ಲವೋ, ತಿಳಿಸುತ್ತೇವೆ’ ಎಂದಿದ್ದರೆ ಇಷ್ಟು ಫೋನ್ ಬರುತ್ತಿರಲಿಲ್ಲ. ಮುಂದಿನ ನೇಮಕದಿಂದಲಾದರೂ ಹಾಗೆ ಮಾಡಿ.

ಅರ್ಜಿಯ ಹಂತದಲ್ಲೇ ಉಳಿದವರಿಗೆ ಎರಡು ಸಾಲಿನ ಇ-ಮೇಲ್ ಸಾಕು. ವಿಳಾಸಗಳೆಲ್ಲ ಬಿಸಿಸಿಯಲ್ಲಿರಲಿ, ಅಲ್ಲಿ ಹಾಕಿದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ‘ಟು’ ಜಾಗದಲ್ಲಿ ಹಾಕಿದರೆ ಯಾರ್ಯಾರು ಕೆಲಸ ಹುಡುಕುತ್ತಿದ್ದಾರೆಂದು ಎಲ್ಲರಿಗೂ ಕಾಣುತ್ತದೆ. ಒಂದೇ ಕಾರ್ಖಾನೆಯ ಇಬ್ಬರಿದ್ದರೆ ಸುದ್ದಿ ಅವರ ಮ್ಯಾನೇಜರ್‌ವರೆಗೂ ಹೋದೀತು. ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಹೇಳುವುದಂತೂ ಬೇಡವೇ ಬೇಡ.

ಸಂದರ್ಶನಕ್ಕೆ ರಜೆ ಹಾಕಿ ಬಂದವರಿಗೆ ಹೆಸರು ಹಾಕಿದ ಪ್ರತ್ಯೇಕ ಸಂದೇಶ ಹೋಗಬೇಕು. ಕೊನೆಯ ಸುತ್ತು ತಲುಪಿದವರಿಗೆ ಫೋನೇ ಮಾಡಿ, ಅದೂ ಅವರ ಶಿಫ್ಟ್ ಮುಗಿದ ಮೇಲೆ. ವಿಷಯ ಮೊದಲ ವಾಕ್ಯದಲ್ಲೇ ಬರಲಿ: ‘ನಮಸ್ಕಾರ, ಈ ಹುದ್ದೆಗೆ ಬೇರೆಯವರನ್ನು ಆರಿಸಿದ್ದೇವೆ, ಅದನ್ನು ತಿಳಿಸಲು ಫೋನ್ ಮಾಡಿದೆ.’ ಎರಡು ನಿಮಿಷ ಹೊಗಳಿ ಆಮೇಲೆ ‘ಆದರೆ’ ಎಂದರೆ, ಆ ಎರಡು ನಿಮಿಷವೂ ಅವರು ಕೆಲಸ ಸಿಕ್ಕಿತೆಂದೇ ಕೇಳಿಸಿಕೊಳ್ಳುತ್ತಿರುತ್ತಾರೆ. ಅದು ಕ್ರೂರ.

ಕಾರಣ ಹೇಳಿ, ಆದರೆ ಒಂದೇ ಒಂದು. ಅದು ಸಂದರ್ಶನದ ಶೀಟ್‌ನಲ್ಲಿ ಬರೆದದ್ದೇ ಆಗಿರಲಿ. ‘ಮೈಕ್ರೋಮೀಟರ್ ರೀಡಿಂಗ್ ಸರಿಯಾಗಿತ್ತು, ಡ್ರಾಯಿಂಗ್‌ನಲ್ಲಿ ಟಾಲರೆನ್ಸ್ ಓದುವಾಗ ತಡವರಿಸಿದಿರಿ’ ಎಂದರೆ ಕಲಿಯಲು ದಾರಿ ಸಿಗುತ್ತದೆ. ‘ನಿಮಗಿಂತ ಒಳ್ಳೆಯವರು ಸಿಕ್ಕರು’ ಎಂದರೆ ಏನೂ ಸಿಗುವುದಿಲ್ಲ. ಮದುವೆ, ಮಕ್ಕಳು, ಊರು, ವಯಸ್ಸು ಇವು ಮಾತಿನಲ್ಲೂ ಬರಬಾರದು, ನಿರ್ಧಾರದಲ್ಲೂ ಬರಬಾರದು. ನೇಮಕದಲ್ಲಿ ಹೆಣ್ಣು ಗಂಡೆಂಬ ಭೇದ ಸಲ್ಲದೆಂದು 1976ರ ಸಮಾನ ವೇತನ ಕಾಯ್ದೆ ಹೇಳಿತ್ತು, 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ.

ನಿಜವಾದ ತೊಡಕು ಎರಡನೇ ಸ್ಥಾನದವರದು. ಆಫರ್ ಪಡೆದವರು ಈಗಿನ ಕೆಲಸದಲ್ಲಿ 60 ಅಥವಾ 90 ದಿನದ ನೋಟಿಸ್ ಮುಗಿಸಿ ಬರಬೇಕಾಗಬಹುದು, ಅಷ್ಟರಲ್ಲಿ ಮನಸ್ಸು ಬದಲಿಸಬಹುದು. ಅದಕ್ಕೇ ಎಚ್‌ಆರ್‌ಗಳು ಎರಡನೆಯವರಿಗೆ ಹೂಂ ಉಹೂಂ ಎರಡೂ ಹೇಳದೆ ಕಾಯಿಸುತ್ತಾರೆ. ಬಿಡಿಸಿ ಹೇಳಿಬಿಡಿ: ‘ಒಬ್ಬರಿಗೆ ಆಫರ್ ಕೊಟ್ಟಿದ್ದೇವೆ. ಅವರು ಬರದಿದ್ದರೆ ನಿಮಗೇ ಮೊದಲ ಕರೆ. ಅಲ್ಲಿಯವರೆಗೆ ಬೇರೆ ಕೆಲಸ ಸಿಕ್ಕರೆ ಬಿಡಬೇಡಿ.’

ಪ್ರಶ್ನೆ: ‘ನಿಮ್ಮ ರೆಸ್ಯೂಮೆ ನಮ್ಮಲ್ಲಿರುತ್ತದೆ’ ಎಂದು ಮೇಲ್ ಬಂದಿದೆ. ಕಾಯಲೇ?
– ಒಬ್ಬ ಓದುಗ, ಧಾರವಾಡ

ಉತ್ತರ: ಕಾಯಬೇಡಿ. ‘ನೋ-ರಿಪ್ಲೈ’ ವಿಳಾಸದಿಂದ ಬಂದಿದ್ದರೆ ಅದು ಸಾಫ್ಟ್‌ವೇರ್ ಎಲ್ಲರಿಗೂ ಕಳಿಸುವ ಸಿದ್ಧ ಸಾಲು. ವ್ಯಕ್ತಿಯ ಹೆಸರಿನಿಂದ ಬಂದಿದ್ದರೆ ಧನ್ಯವಾದ ಹೇಳಿ ಎರಡೇ ಪ್ರಶ್ನೆ ಕೇಳಿ: ಯಾವ ಕೌಶಲ ಕಡಿಮೆಯಾಯಿತು, ಮತ್ತೆ ಎಷ್ಟು ತಿಂಗಳ ಮೇಲೆ ಅರ್ಜಿ ಹಾಕಬಹುದು. ಆರು ತಿಂಗಳೊಳಗೆ ಅದೇ ಅಭ್ಯರ್ಥಿಯನ್ನು ಮತ್ತೆ ಕರೆಯದ ಕಂಪನಿಗಳು ಬಹಳ ಇವೆ.