ಅಮ್ಮ ಬಂತು, ಅಮ್ಮ ಬಂದಳು

ಹೋದ ವಾರ ಹೈದರಾಬಾದಿಗೆ ಹೋಗುವಾಗ ನೀನು ನಮ್ಮೂರು ಬಾಗೇಪಲ್ಲಿಯಲ್ಲಿ ಟೀಗೆ ಇಳಿದಿದ್ದೆಯಂತೆ. ಅಂಗಡಿಯವನೂ ತೆಲುಗು, ಬೆಂಚಿನ ಮೇಲೆ ಕೂತ ಕಾಲೇಜು ಹುಡುಗರೂ ತೆಲುಗು. ಆಗಲೇ ಆಂಧ್ರ ಬಂತು ಅಂದುಕೊಂಡೆಯಂತೆ. ರಾತ್ರಿ ನನಗೆ ಫೋನ್ ಮಾಡಿ ನೀನು ಕೇಳಿದೆ: "ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಕಾಲೇಜಲ್ಲಿ ಇಂಗ್ಲಿಷ್. ಆ ಮಕ್ಕಳು ಅದು ಹೇಗೆ ಓದಿ ಮುಂದೆ ಬರ್ತಾರೆ? ಪಾಪ ಅಲ್ವಾ?"

ಆ "ಪಾಪ" ನನಗೆ ಚುಚ್ಚಿತು ಕಣೇ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಊರಿನ ವಿಷಯ. ಬಾಗೇಪಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕು. 2007ರವರೆಗೆ ಕೋಲಾರ ಜಿಲ್ಲೆಯಲ್ಲಿತ್ತು. 2025ರ ಜುಲೈ 2ರಂದು ನಂದಿ ಬೆಟ್ಟದಲ್ಲಿ ಸಂಪುಟ ಸಭೆ ನಡೆಯಿತಲ್ಲ, ಅಲ್ಲಿ ನಮ್ಮೂರಿಗೆ ಭಾಗ್ಯನಗರ ಅಂತ ಹೆಸರಿಡಲು ಒಪ್ಪಿಗೆ ಸಿಕ್ಕಿತು. ಹೆಸರು ಚೆನ್ನಾಗಿದೆ, ನನ್ನ ತಕರಾರಿಲ್ಲ. ಆದರೆ "ಪಲ್ಲಿ" ಅಂದರೆ ತೆಲುಗು, ಅದಕ್ಕೇ ಬದಲಾಯಿಸಿದರು ಅಂತ ಯಾರಾದರೂ ಅಂದರೆ ಬೇಜಾರಾಗುತ್ತದೆ. ನಾವು ಈಗ ಹಳ್ಳಿ ಅನ್ನುವುದನ್ನು ಹಳಗನ್ನಡದಲ್ಲಿ ಪಳ್ಳಿ ಅಂತಲೇ ಅನ್ನುತ್ತಿದ್ದರು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಹಾಗೇ ಪಳ್ಳಿ ಹಳ್ಳಿಯಾಯಿತು. ನಮ್ಮೂರು ಹಳೇ ಅಕ್ಷರವನ್ನು ಉಳಿಸಿಕೊಂಡಿತ್ತು, ಅಷ್ಟೇ.

ನಮ್ಮವ್ವನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತೆಲುಗು. ಅವಳ ರೇಷನ್ ಕಾರ್ಡು, ಪಹಣಿ, ಓಟು ಎಲ್ಲ ಕರ್ನಾಟಕದ್ದೇ. ರಾಜ್ಯೋತ್ಸವಕ್ಕೆ ಶಾಲೆ ಮುಂದೆ ಬಾವುಟ ಏರಿಸುವಾಗ ಕೈಮುಗಿದು ನಿಲ್ಲುತ್ತಾಳೆ. ನಾವು ಎಲ್ಲಿಯವರು ಅಂತ ನಮ್ಮ ಬೀದಿಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಅದನ್ನು ಕೇಳುವವರು ಹೊರಗಿನಿಂದ ಬಂದವರೇ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ, ಅವರ ಮನೆಮಾತೂ ತೆಲುಗೇ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಅವರನ್ನು ಯಾರಾದರೂ ಹೊರಗಿನವರು ಅನ್ನುತ್ತಾರಾ?

ಈಗ ಓದಿನ ವಿಷಯಕ್ಕೆ ಬರ್ತೀನಿ. ಸಂಜೆ ಏಳಕ್ಕೆ ನಮ್ಮ ಜಗುಲಿಯಲ್ಲಿ ಹನ್ನೊಂದು ಮಕ್ಕಳು ಕೂರುತ್ತಾರೆ. ಆರನೇ ಕ್ಲಾಸಿನಿಂದ ಪಿಯುಸಿವರೆಗೆ. ಬೇಗ ಏಳುವುದು, ಟೈಮ್‌ಟೇಬಲ್, ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದು, ಇವೆಲ್ಲ ನಿಮ್ಮ ಕಡೆ ಹೇಗೋ ನಮ್ಮಲ್ಲೂ ಹಾಗೇ. ಅದನ್ನು ವಿವರಿಸುವುದಿಲ್ಲ. ಒಂದೇ ವ್ಯತ್ಯಾಸ ಅಂದರೆ ನಮ್ಮ ಮಕ್ಕಳ ಟೈಮ್‌ಟೇಬಲ್ಲಿಗೆ ರೇಷ್ಮೆ ಹುಳ ಕೂಡ ಒಪ್ಪಬೇಕು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳ, ಹಣ್ಣಾಗಿ ಗೂಡು ಕಟ್ಟಲು ತಯಾರಾಗುವವರೆಗೆ ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ. ಆ ಒಂದು ವಾರ ಯಾರ ಮನೆಯಲ್ಲೂ ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಹುಳ ಮೇಯಿಸುವ ಮನೆಯ ಮಕ್ಕಳಿಗೆ ಆ ವಾರ ಹೊಸ ಪಾಠ ಬೇಡ, ಹಿಂದೆ ಓದಿದ್ದನ್ನೇ ಪುಸ್ತಕ ಮುಚ್ಚಿ ಒಂದು ಸಲ ಬರೆದು ನೋಡಿ ಅಂತ ಹೇಳುತ್ತೇನೆ. ಇಪ್ಪತ್ತು ನಿಮಿಷ ಸಾಕು.

ನಮಗೆ ದಿನಾ ಎದುರಾಗುವ ತೊಡಕು ಬೇರೆ. ಅದು ಭಾಷೆಯದ್ದೇ. ಆದರೆ ನೀನು ಅಂದುಕೊಂಡ ಹಾಗಲ್ಲ.

ಆರನೇ ಕ್ಲಾಸಿನ ಒಬ್ಬ ಹುಡುಗ ಪ್ರಬಂಧ ಬರೆದಿದ್ದ. "ನಮ್ಮ ಅಮ್ಮ ಹೊಲದಿಂದ ಬಂತು. ಅಕ್ಕ ಮುದ್ದೆ ಮಾಡಿತು." ಶಾಲೆಯಲ್ಲಿ ಎರಡಕ್ಕೂ ಕೆಂಪು ಗೆರೆ. ಕ್ಲಾಸೆಲ್ಲ ನಕ್ಕರಂತೆ. ಹುಡುಗ ಅಳುತ್ತಾ ಬಂದ. ಅವನ ತಪ್ಪೇನು ಹೇಳು? ತೆಲುಗಿನಲ್ಲಿ "ಅಮ್ಮ ವಚ್ಚಿಂದಿ", "ಆವು ವಚ್ಚಿಂದಿ". ಅಮ್ಮನಿಗೂ ಹಸುವಿಗೂ ಕ್ರಿಯಾಪದ ಒಂದೇ. ಗಂಡಸಿಗೆ ಮಾತ್ರ ಬೇರೆ. ಕನ್ನಡದಲ್ಲಿ ಅಪ್ಪ ಬಂದನು, ಅಮ್ಮ ಬಂದಳು, ಹಸು ಬಂತು, ಮೂರೂ ಬೇರೆ. ಆ ಹುಡುಗ ಅಮ್ಮನಿಗೆ ಮರ್ಯಾದೆ ಕಡಿಮೆ ಮಾಡಿರಲಿಲ್ಲ. ಒಂದು ಭಾಷೆಯ ನಿಯಮವನ್ನು ಇನ್ನೊಂದರಲ್ಲಿ ಸರಿಯಾಗಿಯೇ ಪಾಲಿಸಿದ್ದ. ಇದನ್ನು ಅವನಿಗೆ ಹತ್ತು ನಿಮಿಷ ಕೂರಿಸಿ ಹೇಳಿದೆ. ಎರಡೂ ಸಾಲನ್ನು ಪಕ್ಕಪಕ್ಕ ಬರೆದು ತೋರಿಸಿದೆ. ಆಮೇಲೆ ಅವನು ಆ ತಪ್ಪು ಮಾಡಿಲ್ಲ. ನಕ್ಕರೆ ಮಗು ಕಲಿಯುವುದಿಲ್ಲ, ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿದ ಮಗು ಉರು ಹೊಡೆಯಲು ಶುರು ಮಾಡುತ್ತದೆ. ನಮ್ಮ ಕಡೆ ಉರು ಹೊಡೆಯುವ ಮಕ್ಕಳು ಜಾಸ್ತಿ ಆಗಿರುವುದು ಸೋಮಾರಿತನದಿಂದ ಅಲ್ಲ, ಈ ಹೆದರಿಕೆಯಿಂದ.

ಹೇಗೋ ಹತ್ತನೇ ಕ್ಲಾಸಿನ ಹೊತ್ತಿಗೆ ಕನ್ನಡ ಗಟ್ಟಿಯಾಗುತ್ತದೆ. ಪ್ರಥಮ ಭಾಷೆ ಕನ್ನಡ, 125 ಅಂಕದ ಪೇಪರು, ನಮ್ಮ ಮಕ್ಕಳು ಧೈರ್ಯವಾಗಿ ಬರೆಯುತ್ತಾರೆ. ವಿಜ್ಞಾನವೂ ಕನ್ನಡದಲ್ಲೇ ತಲೆಗೆ ಹತ್ತಿರುತ್ತದೆ. ಅಷ್ಟರಲ್ಲಿ ಪಿಯುಸಿ. ಜೂನಿನಲ್ಲಿ ಕಾಲೇಜು ಶುರುವಾದರೆ ಎಲ್ಲವೂ ಇಂಗ್ಲಿಷ್.

ನಮ್ಮ ಬೀದಿಯ ಒಂದು ಹುಡುಗಿ ಈ ವರ್ಷ ಫಸ್ಟ್ ಪಿಯುಸಿ ಸೈನ್ಸ್. ಹತ್ತರಲ್ಲಿ ವಿಜ್ಞಾನದಲ್ಲಿ ತುಂಬಾ ಚುರುಕು. ಮೊದಲ ಟೆಸ್ಟಿನಲ್ಲಿ ಫಿಸಿಕ್ಸ್ ಫೇಲ್. ಎರಡು ದಿನ ಜಗುಲಿಗೆ ಬರಲಿಲ್ಲ. ನಾನೇ ಅವರ ಮನೆಗೆ ಹೋಗಿ ಪೇಪರ್ ನೋಡಿದೆ. ಅಕ್ಸಲರೇಷನ್ ಅಂದರೆ ಏನು ಅಂತ ಪ್ರಶ್ನೆ. ಉತ್ತರದ ಜಾಗ ಖಾಲಿ. "ವೇಗೋತ್ಕರ್ಷ ಅಂದ್ರೆ ಏನಮ್ಮಾ?" ಅಂತ ಕೇಳಿದೆ. ಒಂದು ಕ್ಷಣ ತಡಮಾಡದೆ ಹೇಳಿದಳು, ಸೂತ್ರದ ಸಮೇತ. ಅವಳಿಗೆ ಎಲ್ಲ ಗೊತ್ತಿತ್ತು. ಆ ಹೆಸರಿನಲ್ಲಿ ಗೊತ್ತಿರಲಿಲ್ಲ, ಅಷ್ಟೇ.

ಅವತ್ತು ಒಂದು ಉದ್ದದ ನೋಟ್‌ಬುಕ್ಕಿಗೆ ಗೆರೆ ಹಾಕಿಕೊಟ್ಟೆ. ಮೂರು ಕಾಲಂ. ಮನೆಯ ಮಾತು, ಶಾಲೆಯ ಮಾತು, ಕಾಲೇಜಿನ ಮಾತು. ಜವ, ಸ್ಪೀಡ್. ವೇಗ, ವೆಲಾಸಿಟಿ. ರೋಧ, ರೆಸಿಸ್ಟೆನ್ಸ್. ದ್ಯುತಿಸಂಶ್ಲೇಷಣೆ, ಫೋಟೋಸಿಂಥೆಸಿಸ್. ದಿನಕ್ಕೆ ಐದು ಪದ, ಜಾಸ್ತಿ ಬೇಡ. ಮರುದಿನ ಒಂದು ಕಾಲಂ ಮುಚ್ಚಿ ಇನ್ನೊಂದನ್ನು ಹೇಳಬೇಕು. ಮೂರು ದಿನ ಬಿಟ್ಟು ಮತ್ತೆ. ವಾರ ಬಿಟ್ಟು ಮತ್ತೆ. ಮರೆತ ಪದಕ್ಕೆ ಚುಕ್ಕಿ ಇಟ್ಟು, ಅದನ್ನು ಮುಂದಿನ ದಿನದ ಐದರಲ್ಲಿ ಸೇರಿಸಬೇಕು. ಎರಡನೇ ಟೆಸ್ಟಿನಲ್ಲಿ ಅವಳು ಪಾಸಾದಳು. ಈಗ ಜಗುಲಿಯ ಹೈಸ್ಕೂಲು ಮಕ್ಕಳೂ ಅಂಥದ್ದೇ ನೋಟ್‌ಬುಕ್ ಇಟ್ಟಿದ್ದಾರೆ. ಎಂಟನೇ ಕ್ಲಾಸಿನಿಂದಲೇ ಶುರು ಮಾಡಿದರೆ ಪಿಯುಸಿ ಅಂದರೆ ಎದೆ ಒಡೆಯುವುದಿಲ್ಲ.

"ಸುಮ್ನೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಮೀಡಿಯಂ ಹಾಕಬಾರದಾ?" ಅಂತ ನೀನು ಕೇಳುತ್ತೀಯ, ಗೊತ್ತು. ಹಾಕಿದವರೂ ಇದ್ದಾರೆ. ಆದರೆ ಎಂಜಿನಿಯರಿಂಗಿನಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5%, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ 15% ಮೀಸಲಾತಿ ಇದೆ. ಸೀಟಿನ ಹತ್ತಿರ ಬಂದು ನಿಂತ ಮಗುವಿಗೆ ಅದು ದೊಡ್ಡ ಆಸರೆ. ಮಧ್ಯದಲ್ಲಿ ಎಂಟನೇ ಕ್ಲಾಸಿಗೆ ಮೀಡಿಯಂ ಬದಲಾಯಿಸಿದರೆ ಕನ್ನಡ ಮಾಧ್ಯಮದ್ದು ಕೈತಪ್ಪುತ್ತದೆ.

ಗಡಿಯವರಿಗೆ ಇನ್ನೊಂದು ಪೆಟ್ಟಿದೆ. ನಮ್ಮಲ್ಲಿ ಎಷ್ಟೋ ಮಕ್ಕಳು ಗಡಿಯಾಚೆ ಅಜ್ಜಿ ಮನೆಯಲ್ಲಿದ್ದು ನಾಲ್ಕೈದು ವರ್ಷ ಓದಿ ಬರುತ್ತಾರೆ. ನಮಗೆ ಅದು ಪಕ್ಕದೂರು. ಸಿಇಟಿಗೆ ಅದು ಬೇರೆ ರಾಜ್ಯ. ಸಾಮಾನ್ಯವಾಗಿ ಅರ್ಹತೆ ಸಿಗಲು ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ನನ್ನ ಚಿಕ್ಕಪ್ಪನ ಮಗನಿಗೆ ಒಂದು ವರ್ಷ ಕಡಿಮೆ ಬಿತ್ತು. ಬೇರೆ ನಿಯಮದಲ್ಲಿ ದಾರಿ ಇದೆಯಾ ಅಂತ ಹುಡುಕಿಕೊಂಡು ಎರಡು ವಾರ ಕಚೇರಿಯಿಂದ ಕಚೇರಿಗೆ ಅಲೆದೆವು. ಒಂದು ಕಡೆ, "ನೀವು ಆಂಧ್ರದವರಲ್ವಾ?" ಅಂತ ಅವನ ಮುಖ ನೋಡಿಯೇ ಕೇಳಿದರು. ಅವನು ಉತ್ತರ ಕೊಟ್ಟಿದ್ದು ಅಚ್ಚ ಕನ್ನಡದಲ್ಲಿ. ಆ ಮಾತು ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಈಗ ಏಳನೇ ಕ್ಲಾಸಿನ ಮಕ್ಕಳ ತಾಯಂದಿರಿಗೂ ಹೇಳುತ್ತೇನೆ: ಯಾವ ವರ್ಷ ಎಲ್ಲಿ ಓದಿದರು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಹೆಡ್‌ಮಾಸ್ಟರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಮುಂಚೆಯೇ ಮಾಡಿಸಿಡಿ. ಇದೂ ಓದಿನ ತಯಾರಿಯೇ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ಹೆಸರು ಕೇಳಿದ್ದೀಯಲ್ಲ. ಬಸ್ಸಿಗೆ ದುಡ್ಡಿಲ್ಲದೆ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಅಮೆರಿಕದಲ್ಲಿ ಫಿಸಿಕ್ಸಿನಲ್ಲಿ ಡಾಕ್ಟರೇಟ್ ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಗೌರಿಬಿದನೂರಿನಲ್ಲೂ ನಮ್ಮ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜು ಬರಲು ಅವರೇ ಕಾರಣ. ನಮ್ಮ ಮಕ್ಕಳಿಗೆ ಈ ಕಥೆ ಹೇಳಿದಾಗ ಅವರು ಕೇಳುವುದು ಒಂದೇ: ರಾತ್ರಿ ಎಲ್ಲಿ ಮಲಗಿದ್ದರು? ನಡೆದು ನಡೆದು ಕಾಲು ನೋಯುವುದು ಹೇಗಿರುತ್ತದೆ ಅಂತ ಅವರಿಗೆ ಗೊತ್ತು.

ಮೊನ್ನೆ ಆ ಪಿಯುಸಿ ಹುಡುಗಿ ಮೊಮೆಂಟಮ್‌ಗೆ ಬಂದಿದ್ದಳು. ಮೂರನೇ ಕಾಲಂ ತುಂಬಿತು. ಎರಡನೆಯದಕ್ಕೆ ಸಂವೇಗ ಅಂತ ಬರೆದಳು. ಮೊದಲನೆಯದು ಖಾಲಿ. ನಮ್ಮವ್ವ ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು. ಹುಡುಗಿ ಅವಳನ್ನು ತೆಲುಗಿನಲ್ಲಿ ಕೇಳಿದಳು, ಹೇರು ತುಂಬಿದ ಗಾಡಿ ಇಳಿಜಾರಿನಲ್ಲಿ ಹೋಗುವಾಗ ತಡೆದರೂ ನಿಲ್ಲುವುದಿಲ್ಲವಲ್ಲ, ಅದಕ್ಕೆ ಏನನ್ನುತ್ತೀಯ ಅಂತ. ಅವ್ವ ತಲೆ ಎತ್ತದೆ ಹೇಳಿದಳು: "ಊಪು."

ಹುಡುಗಿ ಕನ್ನಡ ಅಕ್ಷರದಲ್ಲಿ ಊಪು ಅಂತ ಬರೆದುಕೊಂಡಳು. ಜಡತ್ವಕ್ಕೆ, ಅದೇ ಇನರ್ಷಿಯಾಗೆ, ಮಾತ್ರ ಇನ್ನೂ ಮನೆಯ ಮಾತು ಸಿಕ್ಕಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇವೆ.