ಗ್ರಾಂ ಲೆಕ್ಕದ ಗಲ್ಲು: ಸಿಂಗಪುರವನ್ನು ಕೇಳೋರು ಯಾರು?

ಡ್ರಗ್ಸ್ ಸಾಗಣೆಗೆ ಮರಣದಂಡನೆ ಕೊಡುವ ದೇಶಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ವಾರ ಕ್ರಿಮಿನಲ್ ವಕೀಲರೊಬ್ಬರ ಉತ್ತರ.

ಪ್ರಶ್ನೆ: ನನ್ನ ಮಗ ಸಿಂಗಪುರದಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಡ್ರಗ್ಸ್ ಇಟ್ಟುಕೊಂಡು ಸಿಕ್ಕಿಬಿದ್ದರೆ ವಿದೇಶಿಯರನ್ನೂ ಗಲ್ಲಿಗೇರಿಸುತ್ತಾರಂತೆ, ನಿಜವಾ? ನಮ್ಮ ಸರ್ಕಾರ ಬಿಡಿಸಿಕೊಂಡು ಬರಲು ಆಗಲ್ವಾ? — ಓದುಗರು, ಶಿವಮೊಗ್ಗ

ನಿಜ. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಅಲ್ಲಿನ ಕಾನೂನು ನೋಡುವುದಿಲ್ಲ. ಹಿಂದೆ ಸಿಂಗಪುರಕ್ಕೆ ಹೋದವರಿಗೆ ನೆನಪಿರಬಹುದು, ವಿಮಾನದಲ್ಲಿ ತುಂಬಿಸಿಕೊಳ್ಳುತ್ತಿದ್ದ ಚೀಟಿಯಲ್ಲೇ ಕೆಂಪು ಅಕ್ಷರದಲ್ಲಿ ಈ ಎಚ್ಚರಿಕೆ ಇರುತ್ತಿತ್ತು. ಗೊತ್ತಿರಲಿಲ್ಲ ಅನ್ನೋ ಮಾತಿಗೆ ಅವರು ಜಾಗವನ್ನೇ ಬಿಟ್ಟಿಲ್ಲ.

ಡ್ರಗ್ಸ್ ಸಾಗಣೆಗೆ ಅಲ್ಲಿ 1975ರಿಂದ ಮರಣದಂಡನೆ ಇದೆ. ಎಲ್ಲವೂ ತೂಕದ ಮೇಲೆ. ಹೆರಾಯಿನ್ 15 ಗ್ರಾಂ, ಕೊಕೇನ್ 30 ಗ್ರಾಂ, ಮೆಥ್ 250 ಗ್ರಾಂ, ಗಾಂಜಾ 500 ಗ್ರಾಂ. ಇದಕ್ಕಿಂತ ಜಾಸ್ತಿ ಸಾಗಿಸಿದ್ದು ಸಾಬೀತಾದರೆ ಮಾಮೂಲಿಯಾಗಿ ಗಲ್ಲೇ. 15 ಗ್ರಾಂ ಅಂದರೆ ತೂಕದಲ್ಲಿ ಮೂರ್ನಾಲ್ಕು ಟೀ ಚಮಚ ಸಕ್ಕರೆ. ಆದರೆ ಇದು ಪೊಟ್ಟಣದ ತೂಕವಲ್ಲ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿ, ಕಲಬೆರಕೆ ಕಳೆದು ಉಳಿಯುವ ಶುದ್ಧ ಹೆರಾಯಿನ್‌ನ ತೂಕ.

ಅಲ್ಲಿನ ಆರೋಪಪಟ್ಟಿಗಳಲ್ಲಿ ಆಗಾಗ ‘14.99 ಗ್ರಾಂ’ ಎಂಬ ಅಂಕಿ ಕಾಣಿಸುತ್ತದೆ. ಸಿಕ್ಕಿದ ಮಾಲು ಅಷ್ಟೇ ಇತ್ತು ಅಂತಲ್ಲ. ಗಲ್ಲು ಬೇಡ ಅನಿಸಿದಾಗ ಪ್ರಾಸಿಕ್ಯೂಟರ್ ಆರೋಪವನ್ನೇ ಅಷ್ಟಕ್ಕೆ ಇಳಿಸುತ್ತಾರೆ. ಅಂದರೆ ಎಷ್ಟೋ ಕೇಸುಗಳಲ್ಲಿ ಜೀವದ ತೀರ್ಮಾನ ಆಗುವುದು ಜಡ್ಜ್ ಮುಂದಲ್ಲ, ಸರ್ಕಾರಿ ವಕೀಲರ ಮೇಜಿನ ಮೇಲೆ. ನನಗೆ ಈ ಕಾನೂನಿನಲ್ಲಿ ಜಾಸ್ತಿ ಇರಿಸುಮುರುಸು ತರುವುದು ಇದೇ.

2013ರಿಂದ ಸ್ವಲ್ಪ ಸಡಿಲಿಕೆ ಬಂದಿದೆ. ಸುಮ್ನೆ ಮಾಲು ತಲುಪಿಸುವ ಕೆಲಸ ಮಾಡಿದವನು ತನಿಖೆಗೆ ಒಳ್ಳೆಯ ಸುಳಿವು ಕೊಟ್ಟರೆ, ಮತ್ತು ಪ್ರಾಸಿಕ್ಯೂಟರ್ ಅದಕ್ಕೆ ಪ್ರಮಾಣಪತ್ರ ಕೊಟ್ಟರೆ, ಜಡ್ಜ್ ಗಲ್ಲಿನ ಬದಲು ಜೀವಾವಧಿ ಮತ್ತು ಛಡಿ ಏಟಿನ ಶಿಕ್ಷೆ ಕೊಡಬಹುದು. ಇಲ್ಲೊಂದು ಪೇಚು ಇದೆ. ದಂಧೆಯ ಒಳಗುಟ್ಟು ಗೊತ್ತಿದ್ದವನ ಹತ್ತಿರ ಹೇಳೋಕೆ ಏನಾದರೂ ಇರುತ್ತದೆ. ಯಾರೋ ಕೊಟ್ಟ ಪೊಟ್ಟಣ ಹಿಡಿದು ಗಡಿ ದಾಟಿದ ಬಡಪಾಯಿ ಏನು ಹೇಳಿಯಾನು?

ಇನ್ನು ನಮ್ಮ ಸರ್ಕಾರ. ರಾಯಭಾರ ಕಚೇರಿಯವರು ಜೈಲಿಗೆ ಹೋಗಿ ಭೇಟಿ ಮಾಡಬಹುದು, ವಕೀಲರನ್ನು ಹುಡುಕಿಕೊಡಬಹುದು, ಕ್ಷಮಾದಾನಕ್ಕೆ ಮನವಿ ಮಾಡಬಹುದು. ಬಿಡಿಸಿಕೊಂಡು ಬರಲು ಆಗುವುದಿಲ್ಲ. ಸಿಂಗಪುರದ ಅಧ್ಯಕ್ಷರು ಕ್ಷಮಾದಾನ ಕೊಡುವುದು ಸಂಪುಟದ ಸಲಹೆಯಂತೆ, ಅದೂ ಅಪರೂಪಕ್ಕೆ. 2025ರಲ್ಲಿ ಒಬ್ಬನ ಗಲ್ಲು ಜೀವಾವಧಿಯಾಯಿತು. 1998ರ ನಂತರ ಅಂಥದ್ದು ಅದೇ ಮೊದಲು.

ನಿಮ್ಮ ಮಗನಿಗೆ ಅಲ್ಲಿನ ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಸಿಕ್ಕಿದ್ದರೆ ಇನ್ನೊಂದು ವಿಷಯ ಹೇಳಿಡಿ. ಸಿಂಗಪುರದ ಪ್ರಜೆಗಳು ಮತ್ತು ಪಿಆರ್ ಇರುವವರು ಬೇರೆ ದೇಶದಲ್ಲಿ ಗಾಂಜಾ ಸೇದಿದರೂ ವಾಪಸ್ ಬಂದಾಗ ಅಪರಾಧವೇ. ಗಲ್ಲಲ್ಲ, ಆದರೆ ಕೇಸು ಖಂಡಿತ. ಥಾಯ್ಲೆಂಡ್ 2022ರಲ್ಲಿ ಗಾಂಜಾ ನಿಯಮ ಸಡಿಲಿಸಿದ್ದು ಇವರಿಗೆ ಲೆಕ್ಕಕ್ಕಿಲ್ಲ.

ಪ್ರಶ್ನೆ: ಅವರ ದೇಶ, ಅವರ ಕಾನೂನು. ಹೊರಗಿನವರು, ಅದರಲ್ಲೂ ಯುರೋಪಿನವರು, ಯಾಕೆ ಮೂಗು ತೂರಿಸಬೇಕು? — ಓದುಗರು, ಧಾರವಾಡ

ನಿಮ್ಮ ಸಿಟ್ಟಿಗೆ ಇತಿಹಾಸದಲ್ಲಿ ಆಧಾರವಿದೆ. ಬ್ರಿಟಿಷರ ಕಾಲದಲ್ಲಿ ಸಿಂಗಪುರದ ಸರ್ಕಾರಿ ಆದಾಯದ ದೊಡ್ಡ ಪಾಲು ಅಫೀಮಿನಿಂದಲೇ ಬರುತ್ತಿತ್ತು. ಮಾರುವ ಹಕ್ಕನ್ನು ಸರ್ಕಾರವೇ ಗುತ್ತಿಗೆಗೆ ಕೊಡುತ್ತಿತ್ತು. ನಮ್ಮ ಬಿಹಾರದಲ್ಲೂ ಮಾಳವದಲ್ಲೂ ಬೆಳೆದ ಅಫೀಮು ಚೀನಾಕ್ಕೆ ಹೋಗುತ್ತಿತ್ತು. 1839ರಲ್ಲಿ ಚೀನಾ ಅದನ್ನು ವಶಪಡಿಸಿಕೊಂಡು ನಾಶ ಮಾಡಿದ್ದಕ್ಕೆ ಬ್ರಿಟನ್ ಯುದ್ಧನೌಕೆ ಕಳಿಸಿತು. ಅಂಥವರ ಮೊಮ್ಮಕ್ಕಳು ಇವತ್ತು ‘ನಿಮ್ಮ ಡ್ರಗ್ಸ್ ಕಾನೂನು ಕ್ರೂರ’ ಅಂದರೆ ಏಷ್ಯಾದವರಿಗೆ ಮೈ ಉರಿಯದೆ ಇರುತ್ತಾ?

ಆದರೂ ನನ್ನ ಅಭಿಪ್ರಾಯ ಬೇರೆ. ಸಾರ್ವಭೌಮತ್ವ ಅನ್ನೋದು ‘ತೀರ್ಮಾನ ಮಾಡುವವರು ಯಾರು’ ಎಂಬ ಪ್ರಶ್ನೆಗೆ ಉತ್ತರ. ಆ ತೀರ್ಮಾನ ಸರಿಯಾ ಅಂತ ಕೇಳಿದರೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಈ ಎರಡನ್ನೂ ಬೆರೆಸಿಬಿಟ್ಟರೆ ಸರ್ಕಾರಗಳಿಗೆ ಬಹಳ ಅನುಕೂಲ.

ಇಂಡೋನೇಷ್ಯಾವನ್ನೇ ನೋಡಿ. 2015ರ ಏಪ್ರಿಲ್ 29ರಂದು ಅಲ್ಲಿನ ನುಸಾಕಂಬಂಗನ್ ದ್ವೀಪದಲ್ಲಿ ಡ್ರಗ್ಸ್ ಕೇಸಿನ ಎಂಟು ಜನರನ್ನು ಗುಂಡಿಟ್ಟು ಕೊಂದರು. ಅವರಲ್ಲಿ ಇಬ್ಬರು ಆಸ್ಟ್ರೇಲಿಯಾದವರು. ಅಧ್ಯಕ್ಷ ಜೋಕೊ ವಿಡೊಡೊ ಹೇಳುತ್ತಿದ್ದದ್ದು ಒಂದೇ, ಇದು ನಮ್ಮ ಸಾರ್ವಭೌಮತ್ವ. ಅದಕ್ಕೆ ಎರಡು ವಾರ ಮೊದಲು ಸೌದಿ ಅರೇಬಿಯಾ ಇಂಡೋನೇಷ್ಯಾದ ಮನೆಗೆಲಸದ ಇಬ್ಬರು ಹೆಂಗಸರಿಗೆ ಕೊಲೆ ಕೇಸಿನಲ್ಲಿ ಮರಣದಂಡನೆ ಜಾರಿ ಮಾಡಿತ್ತು. ಆಗ ಇದೇ ಸರ್ಕಾರ ಸೌದಿ ರಾಯಭಾರಿಯನ್ನು ಕರೆಸಿ ಪ್ರತಿಭಟಿಸಿತು. ತನ್ನವರ ಜೀವ ಉಳಿಸಲು ಮನವಿ, ಬೇರೆಯವರ ಮನವಿ ಬಂದಾಗ ಸಾರ್ವಭೌಮತ್ವ!

ಆಸ್ಟ್ರೇಲಿಯಾವೇನೂ ಸಾಚಾ ಅಲ್ಲ. 2005ರಲ್ಲಿ ಆ ಇಬ್ಬರು ಆಸ್ಟ್ರೇಲಿಯನ್ನರಿದ್ದ ಗುಂಪಿನ ಸುಳಿವನ್ನು ಇಂಡೋನೇಷ್ಯಾ ಪೊಲೀಸರಿಗೆ ಕೊಟ್ಟಿದ್ದೇ ಆಸ್ಟ್ರೇಲಿಯಾದ ಫೆಡರಲ್ ಪೊಲೀಸರು. ಅಲ್ಲಿ ಗಲ್ಲೋ ಗುಂಡೋ ಇದೆ ಅಂತ ಗೊತ್ತಿದ್ದೇ ಕೊಟ್ಟರು. ಆಮೇಲೆ ಪ್ರಧಾನಿ ಟೋನಿ ಅಬಾಟ್, 2004ರ ಸುನಾಮಿಗೆ ನಾವು ಕೊಟ್ಟ ನೆರವು ಮರೆಯಬೇಡಿ ಅಂದರು. ಇಂಡೋನೇಷ್ಯಾದ ಜನ ಬೀದಿಯಲ್ಲಿ ನಾಣ್ಯ ಕೂಡಿಸಿ, ತಗೊಳ್ಳಿ ನಿಮ್ಮ ದುಡ್ಡು ಅಂದರು. ಅಷ್ಟಾದ ಮೇಲೆ ಯಾವ ಅಧ್ಯಕ್ಷ ತಾನೇ ಹಿಂದೆ ಸರಿಯುತ್ತಾನೆ? ಅದೇ ಪಟ್ಟಿಯಲ್ಲಿದ್ದ ಫಿಲಿಪೈನ್ಸ್ ಮಹಿಳೆಯ ಶಿಕ್ಷೆ ಕೊನೇ ಗಳಿಗೆಯಲ್ಲಿ ನಿಂತಿತು. ಆಕೆಯನ್ನು ಕಳಿಸಿದ ಆರೋಪ ಹೊತ್ತವಳು ಫಿಲಿಪೈನ್ಸ್‌ನಲ್ಲಿ ಶರಣಾಗಿದ್ದಳು. 2024ರ ಡಿಸೆಂಬರ್‌ನಲ್ಲಿ ಆಕೆ ತನ್ನ ದೇಶಕ್ಕೆ ಮರಳಿದಳು. ಗುಂಡಿಗೆ ಗುರಿಯಾಗಿದ್ದರೆ ಆ ಅವಕಾಶ ಎಲ್ಲಿರುತ್ತಿತ್ತು?

ಕಾನೂನಿನ ಪ್ರಕಾರವೂ ಒಂದು ಮಾತು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದ, ಮರಣದಂಡನೆ ‘ಅತ್ಯಂತ ಗಂಭೀರ ಅಪರಾಧ’ಗಳಿಗೆ ಮಾತ್ರ ಅನ್ನುತ್ತದೆ. ಅಂದರೆ ಉದ್ದೇಶಪೂರ್ವಕ ಕೊಲೆ, ಡ್ರಗ್ಸ್ ಅದರಲ್ಲಿ ಸೇರಲ್ಲ ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2018ರಲ್ಲಿ ವಿವರಿಸಿತು. ಇಂಡೋನೇಷ್ಯಾ ಈ ಒಪ್ಪಂದಕ್ಕೆ 2006ರಲ್ಲಿ ತಾನಾಗಿ ಸೇರಿದೆ. ಸೇರಿದ ಮೇಲೆ ಕೇಳುವವರನ್ನು ‘ಹೊರಗಿನವರು’ ಅನ್ನೋದು ಕಷ್ಟ. ಸಿಂಗಪುರ ಸೇರಿಯೇ ಇಲ್ಲ, ಹಾಗಾಗಿ ಅವರ ವಾದ ಸ್ವಲ್ಪ ಗಟ್ಟಿ.

ಭಾರತವೂ ಈ ಒಪ್ಪಂದದಲ್ಲಿದೆ. ಆದರೆ ಮರಣದಂಡನೆಗೆ ತಡೆ ಹಾಕಿ ಅನ್ನುವ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಗೆ ಬಂದಾಗಲೆಲ್ಲ ನಾವು ವಿರೋಧವಾಗಿ ಮತ ಹಾಕುತ್ತೇವೆ. ಕಾರಣ ಕೇಳಿದರೆ ಅದೇ ಸಾರ್ವಭೌಮ ಹಕ್ಕು. 2016ರಲ್ಲಿ ಇಂಡೋನೇಷ್ಯಾದ ಪಟ್ಟಿಯಲ್ಲಿ ಪಂಜಾಬಿನವನೊಬ್ಬ ಇದ್ದಾಗ ನಾವೂ ಬೇಡಿಕೊಂಡೆವು. ಆ ರಾತ್ರಿ ಅವನು ಉಳಿದುಕೊಂಡ.

ಪ್ರಶ್ನೆ: ಬೆಂಗಳೂರು, ಮಂಗಳೂರಿನ ಕಾಲೇಜುಗಳ ಸುತ್ತ ಡ್ರಗ್ಸ್ ಹಾವಳಿ ನೋಡಿದರೆ ನಮ್ಮಲ್ಲೂ ಗಲ್ಲು ತರಬೇಕು ಅನಿಸುತ್ತದೆ. — ಓದುಗರು, ಮಂಗಳೂರು

ತಂದಾಗಿದೆ! ಮಾದಕ ವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆಗೆ 1989ರಲ್ಲಿ 31ಎ ಕಲಂ ಸೇರಿಸಿ, ದೊಡ್ಡ ಪ್ರಮಾಣದಲ್ಲಿ ಎರಡನೇ ಸಲ ಸಿಕ್ಕಿಬಿದ್ದವರಿಗೆ ಗಲ್ಲು ಕಡ್ಡಾಯ ಮಾಡಿದರು. ಜಡ್ಜ್ ಕೈ ಕಟ್ಟಿಹಾಕುವ ಈ ನಿಯಮ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು 2011ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. 2014ರ ತಿದ್ದುಪಡಿಯ ನಂತರ ಗಲ್ಲು ಕೊಡಬಹುದು, ಕೊಡಲೇಬೇಕೆಂದಿಲ್ಲ. ಈ ಕಾಯ್ದೆಯಡಿ ಇದುವರೆಗೆ ಯಾರನ್ನೂ ಗಲ್ಲಿಗೇರಿಸಿಲ್ಲ.

ನಮ್ಮ ಕೋರ್ಟುಗಳಲ್ಲಿ ಇಂಥ ಕೇಸು ಬಿದ್ದುಹೋಗುವುದು ಶಿಕ್ಷೆ ಕಡಿಮೆ ಅಂತಲ್ಲ. ಮೈ ತಪಾಸಣೆಗೆ ಮೊದಲು ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಬೇಕಾ’ ಎಂದು ಕೇಳಬೇಕು, ಅದು 50ನೇ ಕಲಂ. ಕೇಳಿರುವುದಿಲ್ಲ. ಸ್ಯಾಂಪಲ್ ಸೀಲ್ ಸರಿ ಇರುವುದಿಲ್ಲ. ಪಂಚರು ಸಾಕ್ಷಿ ಕಟ್ಟೆಯಲ್ಲಿ ಉಲ್ಟಾ ಹೊಡೆಯುತ್ತಾರೆ. ಗಲ್ಲು ಬರೆದಿಟ್ಟ ಮಾತ್ರಕ್ಕೆ ಈ ಪೊಲೀಸ್ ಕೆಲಸ ಸುಧಾರಿಸುತ್ತಾ? ಮಲೇಷ್ಯಾ ದಶಕಗಳ ಕಾಲ ಕಡ್ಡಾಯ ಗಲ್ಲು ಇಟ್ಟುಕೊಂಡು ನೋಡಿ, 2023ರಲ್ಲಿ ಅದನ್ನು ಕೈಬಿಟ್ಟಿತು. ಹೊರಗಿನವರು ಬಗ್ಗಿಸಿ ಮಾಡಿಸಿದ್ದಲ್ಲ, ಅವರದೇ ಸಂಸತ್ತು ಮಾಡಿದ್ದು. ಅದೂ ಸಾರ್ವಭೌಮತ್ವವೇ ಅಲ್ವಾ?

ಪ್ರಶ್ನೆ: ಮಗಳ ಬಾಣಂತನಕ್ಕೆ ಸಿಂಗಪುರಕ್ಕೆ ಹೋಗುತ್ತಿದ್ದೇನೆ. ಗಸಗಸೆ ತಗೊಂಡು ಹೋಗಬಹುದಾ? — ಓದುಗರು, ಹಾಸನ

ಬೇಡಮ್ಮಾ. ಗಸಗಸೆ ಅಫೀಮು ಗಿಡದ ಬೀಜ, ಅದರಲ್ಲಿ ಮಾರ್ಫಿನ್ ಅಂಶ ಅಂಟಿರಬಹುದು. ಸಿಂಗಪುರ, ಯುಎಇ, ಸೌದಿಗೆ ಒಯ್ಯುವಂತಿಲ್ಲ. ಗಲ್ಲಿನ ಭಯವೇನಿಲ್ಲ, ಆದರೆ ವಿಮಾನ ನಿಲ್ದಾಣದಲ್ಲಿ ತೊಂದರೆ ತಪ್ಪಿದ್ದಲ್ಲ. ಮೊದಲೇ ಕಲಸಿಟ್ಟ ಬಾಣಂತಿ ಪುಡಿ, ಅಂಟಿನುಂಡೆಗಳಲ್ಲೂ ಗಸಗಸೆ ಹಾಕಿರುತ್ತಾರೆ, ಕೇಳಿ ತಗೊಳ್ಳಿ. ‘ನಮ್ಮ ಹುಡುಗನಿಗೆ ಇದೊಂದು ಪೊಟ್ಟಣ ಕೊಟ್ಟುಬಿಡಿ’ ಅಂತ ಯಾರಾದರೂ ಬಂದರೆ, ಎಷ್ಟೇ ಪರಿಚಯದವರಿರಲಿ, ಅವರೆದುರೇ ಬಿಚ್ಚಿ ನೋಡಿ. ಬಿಚ್ಚಲು ಬಿಡದಿದ್ದರೆ ತಗೊಳ್ಳಬೇಡಿ.