ಟೇಪ್ ರೆಕಾರ್ಡರಿಗೆ ಎಣ್ಣೆ ಬಿಡುವ ಮೊದಲು ಬೆಲ್ಟ್ ನೋಡಿ

ಮಳೆ ನಿಂತು ಮನೆಯ ಅಟ್ಟ ಗುಡಿಸುವ ಹೊತ್ತಿಗೆ ಚಿಕ್ಕಮಗಳೂರಿನ ನನ್ನ ರಿಪೇರಿ ಟೇಬಲ್ಲಿಗೆ ಹಳೇ ಟೇಪ್ ರೆಕಾರ್ಡರ್‌ಗಳು ಬರೋಕೆ ಶುರು. ಜೊತೆಗೆ ಅವೇ ಪ್ರಶ್ನೆಗಳು. ಅರ್ಧಕ್ಕರ್ಧ ಸೆಟ್ಟುಗಳು ನನ್ನ ಹತ್ತಿರ ಬರುವಷ್ಟರಲ್ಲಿ ಯಾರದೋ ಮಾತು ಕೇಳಿ ಇನ್ನಷ್ಟು ಕೆಟ್ಟಿರುತ್ತವೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ರೇಡಿಯೊ ಚೆನ್ನಾಗಿ ಬರುತ್ತೆ. ಕ್ಯಾಸೆಟ್ ಹಾಕಿದರೆ ಮಾತ್ರ ದನಿ ಎಳೆಯುತ್ತೆ, ಒಂದೊಂದು ಸಲ ಟೇಪ್ ಒಳಗೇ ಸುತ್ತಿಕೊಳ್ಳುತ್ತೆ. ಕೊಬ್ಬರಿ ಎಣ್ಣೆ ಬಿಡಿ ಅಂದರು. ಅಜ್ಜಿ ಹಾಡಿದ ಸೋಬಾನೆಯ ಕ್ಯಾಸೆಟ್ ಕೇಳಬೇಕು. (ಮೂಡಿಗೆರೆ ಕಡೆಯ ಓದುಗರು)

ಎಣ್ಣೆ ಬೇಡ. ಬೇಡವೇ ಬೇಡ. ಮತ್ತೆ, ಆ ಸೋಬಾನೆ ಕ್ಯಾಸೆಟ್ಟನ್ನು ಈಗಲೇ ಸೆಟ್ಟಿನಿಂದ ದೂರ ಇಡಿ. ಇಡುವ ಮುಂಚೆ ಅದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ. ಆಮೇಲೆ ಯಾರಾದರೂ ರೆಕಾರ್ಡ್ ಬಟನ್ ಒತ್ತಿದರೂ ಅದು ಕೂರುವುದಿಲ್ಲ, ಅಜ್ಜಿಯ ದನಿ ಅಳಿಯುವುದಿಲ್ಲ.

ಕ್ಯಾಸೆಟ್ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಮೋಟರ್ ತಿರುಗಿದರೆ ರಬ್ಬರ್ ಬೆಲ್ಟ್ ಫ್ಲೈವೀಲ್ ಅನ್ನುವ ಭಾರದ ಚಕ್ರವನ್ನು ತಿರುಗಿಸುತ್ತದೆ, ಆ ಫ್ಲೈವೀಲಿನ ಸಣ್ಣ ಕಡ್ಡಿಗೆ ಪಿಂಚ್ ರೋಲರ್ ಅನ್ನುವ ರಬ್ಬರ್ ಗಾಲಿ ಟೇಪನ್ನು ಒತ್ತಿ ಹಿಡಿದು ಎಳೆಯುತ್ತದೆ, ಎಳೆದ ಟೇಪನ್ನು ಬಲಗಡೆಯ ಚಕ್ರ ಸುತ್ತಿಕೊಳ್ಳಬೇಕು. ಬೆಲ್ಟ್ ಸಡಿಲವಾದರೆ ದನಿ ಎಳೆಯುತ್ತದೆ. ಬಲಗಡೆಯ ಚಕ್ರ ಸೋತರೆ, ಇಲ್ಲವೇ ರೋಲರ್ ಅಂಟಂಟಾದರೆ ಟೇಪ್ ಹೊರಗೆ ಬಂದು ರೋಲರಿಗೆ ಸುತ್ತುತ್ತದೆ. ನಿಮ್ಮ ಸೆಟ್ಟಿನಲ್ಲಿ ಎರಡೂ ಆಗಿದೆ. ರೇಡಿಯೊ ಸರಿಯಾಗಿ ಬರುತ್ತಿದೆ ಅಂದರೆ ಆಂಪ್ಲಿಫೈಯರ್, ಸ್ಪೀಕರ್ ಚೆನ್ನಾಗಿವೆ ಅಂತಲೇ ಅರ್ಥ. ಅವುಗಳನ್ನು ಬಿಚ್ಚಿಸಿ ದುಡ್ಡು ಕಳೆದುಕೊಳ್ಳಬೇಡಿ.

ಹತ್ತು ಹದಿನೈದು ವರ್ಷ ಸುಮ್ನೆ ಬಿದ್ದಿದ್ದ ಬೆಲ್ಟ್ ಎಷ್ಟೋ ಸಲ ಕರಗಿ ಟಾರಿನ ಹಾಗೆ ಆಗಿರುತ್ತದೆ. ಕೈಗೆ ಹತ್ತಿದರೆ ಬೇಗ ಬಿಡುವುದಿಲ್ಲ, ಗ್ಲೌಸ್ ಹಾಕಿಕೊಳ್ಳಿ. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪುಲ್ಲಿ (ಬೆಲ್ಟ್ ಕೂರುವ ಮೋಟರಿನ ಗಾಲಿ), ಫ್ಲೈವೀಲ್ ಒರೆಸಿ. ಟೇಪಿನಿಂದ ದನಿ ಓದುವ ಹೆಡ್ ಮೇಲಿನ ಕಂದು ಪುಡಿಯನ್ನೂ ಅದರಲ್ಲೇ ತೆಗೆಯಿರಿ. ನೇಲ್ ಪಾಲಿಶ್ ರಿಮೂವರ್ ಹಚ್ಚಿದರೆ ಪ್ಲಾಸ್ಟಿಕ್ಕೇ ಕರಗುತ್ತದೆ. ಹಳೇ ಬೆಲ್ಟ್ ಹಿಗ್ಗಿರುತ್ತದೆ, ಅದರ ಅಳತೆ ನಂಬಬೇಡಿ. ಬೆಲ್ಟ್ ಓಡುವ ದಾರಿಗೆ ದಾರ ಸುತ್ತಿ ಅಳೆಯಿರಿ. ದಾರ 20 ಸೆಂಟಿಮೀಟರ್ ಬಂದರೆ ಬೆಲ್ಟಿನ ಸುತ್ತಳತೆ 19ರ ಆಸುಪಾಸು ಇರಲಿ. ನೋಟಿಗೆ ಹಾಕುವ ರಬ್ಬರ್ ಬ್ಯಾಂಡ್ ಹಾಕಬೇಡಿ. ಅದರ ದಪ್ಪ ಎಲ್ಲಾ ಕಡೆ ಒಂದೇ ಇರುವುದಿಲ್ಲ, ಹಾಡು ಅಲೆ ಅಲೆಯಾಗಿ ಕೇಳುತ್ತದೆ.

ಎಣ್ಣೆ ಬೆಲ್ಟಿಗೆ ತಾಗಿದರೆ ಬೆಲ್ಟ್ ಜಾರುತ್ತದೆ, ರೋಲರಿಗೆ ತಾಗಿದರೆ ಅಲ್ಲಿಂದ ಟೇಪಿಗೂ ಹತ್ತುತ್ತದೆ. ಕೊಬ್ಬರಿ ಎಣ್ಣೆಯಂತೂ ನಮ್ಮ ಮಲೆನಾಡಿನ ಚಳಿಗೆ ಗಟ್ಟಿಯಾಗಿ ಕೂರುತ್ತದೆ. ಫ್ಲೈವೀಲ್ ಬೆರಳಿಗೆ ಬಿಗಿ ಅನ್ನಿಸಿದರೆ ಮಾತ್ರ ಅದರ ಕಡ್ಡಿ ತಿರುಗುವ ಬುಷ್‌ಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಸೂಜಿ ಮೊನೆಯಲ್ಲಿ.

ನನಗೆ ಜಾಸ್ತಿ ಸಿಟ್ಟು ಬರುವುದು ಸ್ಕ್ರೂ ತಿರುಗಿಸುವವರ ಮೇಲೆ. ಮೋಟರಿನ ಹಿಂದಿನ ತೂತಲ್ಲಿ ಸ್ಪೀಡ್ ಸ್ಕ್ರೂ ಇರುತ್ತದೆ. ಬೆಲ್ಟ್ ಬದಲಿಸದೆ ಅದನ್ನು ತಿರುಗಿಸಿ "ಸರಿ ಆಯ್ತು" ಅಂತ ದುಡ್ಡು ತಗೊಂಡು ಕಳಿಸುತ್ತಾರೆ. ವಾರದಲ್ಲಿ ಮತ್ತೆ ಅದೇ ಗೋಳು. ಹೆಡ್ ಪಕ್ಕದ ಸ್ಪ್ರಿಂಗ್ ಸ್ಕ್ರೂವನ್ನಂತೂ ಮುಟ್ಟಲೇಬೇಡಿ. ಅದು ಸ್ವಲ್ಪ ಓರೆಯಾದರೂ ಹಾಡು ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ.

ಎಲ್ಲ ಆದ ಮೇಲೂ ಮೊದಲು ಬೇಡದ ಒಂದು ಕ್ಯಾಸೆಟ್ ಹಾಕಿ ಅರ್ಧ ಗಂಟೆ ಓಡಿಸಿ. ಒಮ್ಮೆ ನಾನೇ ಅವಸರದಲ್ಲಿ ಗಿರಾಕಿ ತಂದಿದ್ದ ಕ್ಯಾಸೆಟ್ಟನ್ನೇ ಹಾಕಿ ನೋಡಿದೆ. ಅವರ ತಂದೆಯ ಭಾಗವತಿಕೆ ಅದರಲ್ಲಿತ್ತು. ಟೇಪ್ ಸುತ್ತಿಕೊಂಡು ಸುಕ್ಕಾಯಿತು, ಆ ಭಾಗ ಮತ್ತೆ ಸರಿಯಾಗಿ ಕೇಳಲೇ ಇಲ್ಲ. ಅವರು ಏನೂ ಅನ್ನಲಿಲ್ಲ, ಆದರೆ ಅವರ ಮುಖ ನನಗೆ ಇವತ್ತಿಗೂ ನೆನಪಿದೆ.

ಸೋಬಾನೆ ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಮೇಲೆ ಬಿಳಿ ಬೂಸ್ಟು ಕಂಡರೆ ಹಾಕಲೇಬೇಡಿ, ಗೊತ್ತಿದ್ದವರ ಹತ್ತಿರ ಕ್ಲೀನ್ ಮಾಡಿಸಿ. ಚೆನ್ನಾಗಿದ್ದರೆ ಪೆನ್ಸಿಲ್ ತೂರಿಸಿ ಕೈಯಲ್ಲೇ ಪೂರ್ತಿ ಒಮ್ಮೆ ಸುತ್ತಿ, ಆಮೇಲೆ ಹಾಕಿ. ಮೊದಲ ಸಲ ಕೇಳುವಾಗಲೇ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಳ್ಳಿ. ಎರಡನೇ ಸಲಕ್ಕೆ ಕಾಯಬೇಡಿ.

ಸೆಲ್ ಸೋರಿ ಸ್ಪ್ರಿಂಗ್ ಹಸಿರಾಗಿದೆ, ಏನು ಮಾಡಲಿ?

ಉಜ್ಜಿ ನೋಡಿ, ಹೋಗದಿದ್ದರೆ ಸ್ಪ್ರಿಂಗ್ ಬದಲಿಸಿ. ಬಳಸದ ಸೆಟ್ಟಿನಿಂದ ಸೆಲ್ ತೆಗೆದಿಡಿ ಅಂತ ಎಷ್ಟು ಸಲ ಹೇಳಲಿ?

ಹಳೇ ರೇಡಿಯೊದಲ್ಲಿ ರೆಡ್ ಮರ್ಕ್ಯುರಿ ಇದೆಯಂತೆ, ಲಕ್ಷಗಟ್ಟಲೆ ಕೊಡ್ತಾರಂತೆ, ನಿಜವೇ?

ಸುಳ್ಳು. ಅಂಥ ವಸ್ತುವೇ ಇಲ್ಲ. ಮುಂಗಡ ಕಟ್ಟಿ ಅನ್ನುವವನು ಕಳ್ಳ, ಪೊಲೀಸರಿಗೆ ಹೇಳಿ.

ಏರಿಯಲ್ ಪೂರ್ತಿ ಎಳೆದರೂ ಬೆಂಗಳೂರು ಕೇಂದ್ರ ಗೊರಗೊರ ಅನ್ನುತ್ತೆ. (ಅರಸೀಕೆರೆ)

ಆ ಉದ್ದನೆ ಕಡ್ಡಿ ಎಫ್‌ಎಂ ಮತ್ತು ಶಾರ್ಟ್ ವೇವ್‌ಗೆ. ಬೆಂಗಳೂರು 612 ಕಿಲೋಹರ್ಟ್ಸ್ ಮೀಡಿಯಂ ವೇವ್, ಅದರ ಆಂಟೆನಾ ಸೆಟ್ಟಿನ ಒಳಗಿನ ಫೆರೈಟ್ ಕಡ್ಡಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಆಫ್ ಮಾಡಿ, ಸೆಟ್ಟನ್ನೇ ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಒಂದು ದಿಕ್ಕಿಗೆ ಬಂದಾಗ ದನಿ ತಿಳಿಯಾಗುತ್ತದೆ, ಅಲ್ಲೇ ಇಡಿ.